ಉಪಗ್ರಹದ ಸಂದೇಶಕ್ಕೆ ಕಾವಲು ಯಾವುದು?

ಪ್ರಶ್ನೆ: ಸೇನೆಯವರು ಉಪಗ್ರಹದ ಮೂಲಕ ಕಳಿಸುವ ಸಂದೇಶಗಳನ್ನು ಶತ್ರುಗಳು ಕದ್ದು ಕೇಳಲಾರರೇ?

ಉತ್ತರ: ಅಲೆಗಳನ್ನು ಹಿಡಿಯದಂತೆ ತಡೆಯುವುದು ಬಹಳ ಕಷ್ಟ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಹೊರಟ ರೇಡಿಯೊ ಅಲೆ ನೆಲ ಮುಟ್ಟುವಷ್ಟರಲ್ಲಿ ನೂರಾರು, ಎಷ್ಟೋ ಸಲ ಸಾವಿರಾರು ಕಿ.ಮೀ. ಹರಡಿರುತ್ತದೆ. ಆ ವ್ಯಾಪ್ತಿಯಲ್ಲಿ ತಕ್ಕ ಡಿಶ್ ಇಟ್ಟವರಿಗೆಲ್ಲ ಅದು ಸಿಗುತ್ತದೆ. ಹಾಗಾಗಿ ಸಿಕ್ಕರೂ ಅರ್ಥವಾಗದಂತೆ ಗೂಢಲಿಪಿಯಲ್ಲಿ ಕಳಿಸುವುದೇ ಮೊದಲ ಕಾವಲು.

ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದು ಇರಾಕಿನಲ್ಲಿ ಬಯಲಾಯಿತು. ಅಮೆರಿಕದ ಪ್ರಿಡೇಟರ್ ಡ್ರೋನ್‌ಗಳ ವಿಡಿಯೊವನ್ನು ಉಗ್ರರು ಸ್ಕೈಗ್ರಾಬರ್ ಎಂಬ, ಬರೀ 26 ಡಾಲರಿನ ತಂತ್ರಾಂಶ ಬಳಸಿ ನೋಡುತ್ತಿದ್ದರು. ಸೆರೆಸಿಕ್ಕವರ ಲ್ಯಾಪ್‌ಟಾಪ್‌ನಲ್ಲಿ ಆ ದೃಶ್ಯಗಳೇ ಇದ್ದವು. ಸುದ್ದಿ ಹೊರಬಿದ್ದದ್ದು 2009ರ ಡಿಸೆಂಬರಿನಲ್ಲಿ. ಆದರೆ ಈ ದೌರ್ಬಲ್ಯ 1990ರ ದಶಕದ ಬೋಸ್ನಿಯಾ ಕಾರ್ಯಾಚರಣೆಯ ಕಾಲದಿಂದಲೇ ಅಧಿಕಾರಿಗಳಿಗೆ ಗೊತ್ತಿತ್ತು! ಅದನ್ನು ಬಳಸಿಕೊಳ್ಳುವಷ್ಟು ಜಾಣತನ ಎದುರಾಳಿಗಿಲ್ಲ ಎಂದುಕೊಂಡರು. ಸೈನಿಕರ ಜೀವದ ಪ್ರಶ್ನೆಯಿರುವಲ್ಲಿ ಇಂಥ ಉದಾಸೀನ ಅಕ್ಷಮ್ಯ.

ಇನ್ನೊಂದು ಉಪಾಯ, ಆವರ್ತನವನ್ನು ಕ್ಷಣಕ್ಷಣಕ್ಕೂ ಬದಲಿಸುವುದು. ಯಾವಾಗ ಯಾವ ಆವರ್ತನಕ್ಕೆ ಜಿಗಿಯಬೇಕೆಂಬ ಕ್ರಮ ಕೀಲಿ ಇರುವವರಿಗಷ್ಟೇ ತಿಳಿದಿರುತ್ತದೆ. ಅಮೆರಿಕದ ಎಇಎಚ್‌ಎಫ್ ಉಪಗ್ರಹಗಳು ಇದರ ಜತೆಗೆ ಕಿರಿದಾದ ಕಿರಣಗಳನ್ನೂ ಬಳಸುತ್ತವೆ. ಕಿರಣ ಕಿರಿದಾದಷ್ಟೂ ಅದರೊಳಗೆ ನುಸುಳಿ ಕೂರುವ ಜಾಗ ಕಡಿಮೆ.

ನಮ್ಮ ನೌಕಾಪಡೆಗೆಂದು 2013ರಲ್ಲಿ ಹಾರಿಸಿದ ಜಿಸ್ಯಾಟ್-7 ಅನ್ನು ನಿಗದಿತ ಕಕ್ಷೆಗೆ ಏರಿಸಿದ ಆದೇಶಗಳು ಹೋದದ್ದು ಹಾಸನದ ನಿಯಂತ್ರಣ ಕೇಂದ್ರದಿಂದ. ಯಾವುದೇ ಸೇನಾ ಉಪಗ್ರಹಕ್ಕೆ ಹೋಗುವ ಇಂಥ ಆದೇಶಗಳಿಗೂ ಅಷ್ಟೇ ಬಿಗಿಯಾದ ಕಾವಲು ಬೇಕು. ಸಂದೇಶ ಕಳುವಾದರೆ ಹೋಗುವುದು ಒಂದು ಗುಟ್ಟು. ಆದೇಶದ ಕೀಲಿ ಕಳುವಾದರೆ ಇಡೀ ಉಪಗ್ರಹವೇ ಕೈತಪ್ಪಬಹುದು.