ಕ್ರೈಸ್ತ ಕಲೆಯಲ್ಲಿ ರಕ್ತಸಾಕ್ಷಿಗಳು

ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿ ಇಟಲಿಯ ಚಿತ್ರಕಲೆಯನ್ನು ಕುರಿತ ಗ್ರಂಥವೊಂದನ್ನು ತಿರುವಿಹಾಕುತ್ತಿದ್ದೆನು. ಪಕ್ಕದಲ್ಲಿ ಕುಳಿತಿದ್ದ ಗೆಳೆಯನು ಒಂದು ಪುಟವನ್ನು ಕಂಡು ಮುಖ ತಿರುಗಿಸಿದನು. ಒಬ್ಬನನ್ನು ಕಲ್ಲಿನಿಂದ ಹೊಡೆದು ಕೊಲ್ಲುತ್ತಿರುವ ಚಿತ್ರವದು. “ದೇವರ ಮನೆಯ ಗೋಡೆಯ ಮೇಲೆ ಇಂಥ ಕ್ರೌರ್ಯವನ್ನು ಏತಕ್ಕೆ ಬರೆದಿದ್ದಾರೆ?” ಎಂದು ಕೇಳಿದನು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಧರ್ಮಕ್ಕಾಗಿ ಪ್ರಾಣ ತೆತ್ತವರನ್ನು ಕನ್ನಡ ಕ್ರೈಸ್ತರು ರಕ್ತಸಾಕ್ಷಿಗಳೆನ್ನುತ್ತಾರೆ. ಇಂಗ್ಲಿಷಿನ ‘ಮಾರ್ಟರ್’ ಎಂಬ ಪದಕ್ಕೆ ಮೂಲವಾದ ಗ್ರೀಕ್ ಶಬ್ದಕ್ಕೂ ಸಾಕ್ಷಿ ಎಂದೇ ಅರ್ಥ. ತಾನು ನಂಬಿದ್ದಕ್ಕೆ ಪ್ರಾಣವನ್ನೇ ಸಾಕ್ಷಿಯಾಗಿ ಇಟ್ಟವನು ಎಂಬುದು ಇದರ ಭಾವ.

ಮೊದಲಿನ ಕಲಾವಿದರು ಈ ಸಾವಿನ ನೋವನ್ನು ಚಿತ್ರಿಸಿದ್ದು ಬಲು ಅಪರೂಪ. ಇಟಲಿಯ ರವೆನ್ನ ನಗರದ ಗಾಲಾ ಪ್ಲಾಸಿಡಿಯಾ ಸಮಾಧಿಮಂದಿರದಲ್ಲಿ, ಬಣ್ಣದ ಹರಳುಗಳನ್ನು ಜೋಡಿಸಿ ಮಾಡಿದ 5ನೆಯ ಶತಮಾನದ ಚಿತ್ರವೊಂದಿದೆ. ಸಂತನೊಬ್ಬನು ಶಿಲುಬೆಯನ್ನು ಹೆಗಲಿಗೆ ಆನಿಸಿಕೊಂಡು, ಕೆಳಗೆ ಬೆಂಕಿ ಉರಿಯುವ ಕಬ್ಬಿಣದ ಸರಳುಗಳ ಮಂಚದತ್ತ ಧೀರನಾಗಿ ನಡೆದಿದ್ದಾನೆ. 258ರಲ್ಲಿ ರೋಮಿನಲ್ಲಿ ಮಡಿದ ಲಾರೆನ್ಸನೇ ಈತನೆಂದು ಬಹುಮಂದಿ ವಿದ್ವಾಂಸರ ಮತ. ಆತನ ಮೈಮೇಲೆ ಒಂದು ಗಾಯವೂ ಇಲ್ಲ. ಅದೇ ಊರಿನ ಸಂತ ಅಪೊಲಿನಾರೆ ನುವೊವೊ ಚರ್ಚಿನಲ್ಲಿ 6ನೆಯ ಶತಮಾನದ ಎರಡು ಮೆರವಣಿಗೆಗಳಿವೆ: ಒಂದು ಗೋಡೆಯಲ್ಲಿ 26 ಮಂದಿ ಸಂತರು, ಎದುರು ಗೋಡೆಯಲ್ಲಿ 22 ಮಂದಿ ಸಂತಕನ್ಯೆಯರು. ಎಲ್ಲರ ಕೈಯಲ್ಲೂ ಕಿರೀಟ. ನಡುನಡುವೆ ಜಯದ ಗುರುತಾದ ತಾಳೆಯ ಮರಗಳು. ಇಲ್ಲಿ ಕೊಲೆಗಾರನಿಲ್ಲ, ರಕ್ತವಿಲ್ಲ.

ಸಾವಿರ ವರ್ಷಗಳ ತರುವಾಯ ದೃಷ್ಟಿ ಬದಲಾಯಿತು. 16ನೆಯ ಶತಮಾನದಲ್ಲಿ ಯೂರೋಪಿನ ಕ್ರೈಸ್ತರು ಎರಡಾಗಿ ಒಡೆದು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. 1582ರ ಸುಮಾರಿಗೆ ರೋಮಿನ ಸಂತ ಸ್ತೇಫನನ ದುಂಡು ಚರ್ಚಿನ ಗೋಡೆಗಳ ಮೇಲೆ ನಿಕೊಲೊ ಚಿರ್ಚಿಞಾನಿ ಎಂಬ ಚಿತ್ರಕಾರನು ಬಗೆಬಗೆಯ ಹಿಂಸೆಗಳನ್ನು ಬರೆದನು. ಚಿತ್ರದೊಳಗೆ ಅಕ್ಷರಗಳ ಗುರುತು, ಕೆಳಗೆ ಅವುಗಳ ವಿವರಣೆ, ಥೇಟು ಪಾಠಪುಸ್ತಕದಂತೆ! ಚಾರ್ಲ್ಸ್ ಡಿಕನ್ಸನೂ ಇವನ್ನು ಕಂಡು ಹೇಸಿ, 1846ರ ತನ್ನ ಇಟಲಿಯ ಪ್ರವಾಸಗ್ರಂಥದಲ್ಲಿ ಹಾಗೆಂದೇ ಬರೆದಿದ್ದಾನೆ. ನನ್ನ ಗೆಳೆಯನು ಒಬ್ಬಂಟಿಗನಲ್ಲ.

ಆದರೆ ಆ ಚಿತ್ರಗಳನ್ನು ದಿನವೂ ನೋಡಬೇಕಾಗಿದ್ದವರು ಯಾರು? ನಮ್ಮಂಥ ವಿದ್ಯಾರ್ಥಿಗಳು! ಆ ಚರ್ಚು ಜೆಸುಯಿಟರು ನಡೆಸುತ್ತಿದ್ದ ಜರ್ಮನ್ ಮತ್ತು ಹಂಗೇರಿಯನ್ ವಿದ್ಯಾಲಯಕ್ಕೆ ಸೇರಿದ್ದಿತು. ಓದು ಮುಗಿಸಿದವರು ಪಾದ್ರಿಗಳಾಗಿ ವಿರೋಧಿಗಳ ನಡುವೆ ಹೋಗಬೇಕಾಗಿತ್ತು. ಅದೇ ಚಿತ್ರಕಾರನು ರೋಮಿನ ಇಂಗ್ಲಿಷ್ ವಿದ್ಯಾಲಯದ ಚರ್ಚಿನಲ್ಲಿಯೂ ಚಿತ್ರ ಬರೆದನು. ಅಲ್ಲಿ ಓದಿದ್ದ ರಾಲ್ಫ್ ಶೆರ್ವಿನ್ ಎಂಬಾತನನ್ನು 1581ರ ಡಿಸೆಂಬರ್ 1ರಂದು ಲಂಡನ್ನಿನಲ್ಲಿ ಗಲ್ಲಿಗೇರಿಸಿದ್ದರು. ಆತನ ಮರಣವೂ ಆ ಗೋಡೆಯನ್ನು ಸೇರಿತು. ಮೂಲಚಿತ್ರಗಳು ಉಳಿದಿಲ್ಲ; 1584ರಲ್ಲಿ ಅಚ್ಚಾದ ಪ್ರತಿಗಳಿಂದ ಅವು ನಮಗೆ ಪರಿಚಿತ. 1679ರವರೆಗೆ ಆ ವಿದ್ಯಾಲಯದ 40ಕ್ಕೂ ಹೆಚ್ಚು ಮಂದಿ ಹೀಗೆಯೇ ಮಡಿದರು. ಅವರಿಗೆ ಆ ಚಿತ್ರಗಳು ಮುಂಬರುವ ಪರೀಕ್ಷೆಯ ಸಿದ್ಧತೆಯಾಗಿದ್ದವು.

ಇಂಥ ಚಿತ್ರಗಳು ಧೈರ್ಯದ ಜೊತೆಗೆ ದ್ವೇಷವನ್ನೂ ಬೆಳೆಸಬಲ್ಲವು ಎಂಬುದನ್ನು ಮರೆಯಲಾಗದು. ಎದುರು ಪಕ್ಷದ ಜಾನ್ ಫಾಕ್ಸನೂ 1563ರಲ್ಲಿ ತನ್ನವರ ಸಾವುಗಳನ್ನು ಚಿತ್ರಸಹಿತ ಗ್ರಂಥವಾಗಿ ಅಚ್ಚು ಹಾಕಿಸಿದ್ದನು. ಇಬ್ಬರೂ ತಂತಮ್ಮ ಗಾಯಗಳನ್ನು ಮಾತ್ರ ಬರೆದರು.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆನು. “ಆ ಹುಡುಗರಿಗೆ ನಮ್ಮಷ್ಟೇ ವಯಸ್ಸೇ?” ಎಂದಷ್ಟೇ ಕೇಳಿ ಅವನು ಸುಮ್ಮನಾದನು. ನನಗೆ ಇಂದಿಗೂ ರವೆನ್ನದ ಶಾಂತವಾದ ಮೆರವಣಿಗೆಯೇ ಹೆಚ್ಚು ಪ್ರಿಯ. ಆದರೆ ರೋಮಿನ ಆ ಗೋಡೆಗಳನ್ನು ಕಂಡು ಮುಖ ತಿರುಗಿಸಲು ಈಗ ಮನಸ್ಸು ಒಪ್ಪುವುದಿಲ್ಲ.