ಸ್ನಾಯುಕೋಶದ ಹೊಲಿಗೆ: ಡಿಸ್ಟ್ರೋಫಿನ್ ಎಂಬ ಪ್ರೋಟೀನು

ನೆಲದ ಮೇಲೆ ಕುಳಿತ ಮಗು ಎದ್ದೇಳುವ ಬಗೆಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನಾಲ್ಕೈದು ವರ್ಷದ ಗಂಡುಮಗು ಮೊದಲು ಬೋರಲಾಗಿ, ಅಂಗೈಗಳನ್ನು ನೆಲಕ್ಕೂರಿ, ಬಳಿಕ ತನ್ನ ಮೊಣಕಾಲು, ತೊಡೆಗಳನ್ನೇ ಆಧಾರವಾಗಿ ಹಿಡಿದು ಮೇಲೇಳುತ್ತಿದ್ದರೆ ಅದನ್ನು ಸೋಮಾರಿತನವೆಂದು ಗದರಿಸಬಾರದು. ವೈದ್ಯರು ಇದನ್ನು ಗೋವರ್ಸ್ ಚಿಹ್ನೆ ಎನ್ನುತ್ತಾರೆ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಒಂದು ಬಗೆಯ ಸ್ನಾಯುಕ್ಷಯದ ಮುಖ್ಯ ಕುರುಹುಗಳಲ್ಲಿ ಇದೂ ಒಂದು.

ಸ್ನಾಯು ಸಂಕುಚಿಸುವಾಗ ಮಯೋಸಿನ್ ಎಂಬ ದಪ್ಪ ಎಳೆಯು ಆಕ್ಟಿನ್ ಎಂಬ ತೆಳು ಎಳೆಯನ್ನು ತನ್ನತ್ತ ಸೆಳೆದುಕೊಳ್ಳುತ್ತದೆಯೆಂದು ಮಕ್ಕಳು ಪ್ರೌಢ ತರಗತಿಗಳಲ್ಲಿ ಓದುತ್ತಾರೆ. ಟೈಟಿನ್ ಎಂಬ ಮತ್ತೊಂದು ಪ್ರೋಟೀನು ಸ್ಪ್ರಿಂಗಿನಂತೆ ಆ ಎಳೆಗಳನ್ನು ಸ್ಥಾನದಲ್ಲಿರಿಸುತ್ತದೆ. ಆದರೆ ಪ್ರತಿ ಸೆಳೆತದಲ್ಲೂ ಕೋಶದ ತೆಳುವಾದ ಪೊರೆ ಹರಿಯದೆ ಉಳಿಯುವುದು ಹೇಗೆ? ಆ ಕೆಲಸ ಡಿಸ್ಟ್ರೋಫಿನ್‌ನದು. ಅದರ ಒಂದು ತುದಿ ಕೋಶದೊಳಗಿನ ಆಕ್ಟಿನ್ ಜಾಲವನ್ನು ಹಿಡಿದಿರುತ್ತದೆ. ಇನ್ನೊಂದು ತುದಿ ಪೊರೆಯಲ್ಲಿರುವ ಡಿಸ್ಟ್ರೋಗ್ಲೈಕಾನ್‌ಗೆ ಕೂಡಿಕೊಂಡಿರುತ್ತದೆ. ಅದು ಹೊರಗಿನ ಲ್ಯಾಮಿನಿನ್‌ಗೆ ಅಂಟಿಕೊಂಡಿರುತ್ತದೆ. ರಾಯದುರ್ಗದ ಜೀನ್ಸ್ ಹೊಲಿಗೆಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಬಟ್ಟೆ ಎಷ್ಟೇ ಗಟ್ಟಿಯಾಗಿದ್ದರೂ ಹೊಲಿಗೆ ಇಲ್ಲದಿದ್ದರೆ ಒಂದು ಎಳೆತಕ್ಕೇ ಬಿಟ್ಟುಕೊಳ್ಳುತ್ತದೆ.

ಡಿಸ್ಟ್ರೋಫಿನ್ ಇಲ್ಲದ ಕೋಶದಲ್ಲಿ ಪೊರೆ ಪದೇಪದೇ ಹರಿಯುತ್ತದೆ, ಕ್ಯಾಲ್ಸಿಯಂ ಮಿತಿಮೀರಿ ಒಳನುಗ್ಗುತ್ತದೆ, ಕೋಶ ಸಾಯುತ್ತದೆ. ಆ ಜಾಗವನ್ನು ಕೊಬ್ಬು ಮತ್ತು ನಾರು ತುಂಬುತ್ತವೆ. ಮೀನಖಂಡಗಳು ದಪ್ಪಗೆ ಕಾಣುವುದು ಈ ಕಾರಣದಿಂದ. ಅದನ್ನು ಕಂಡು ಮಗನ ಕಾಲು ಬಲವಾಗಿದೆಯೆಂದು ಸಂತೋಷಪಟ್ಟ ಮನೆಗಳುಂಟು.

ಈ ಪ್ರೋಟೀನನ್ನು ವಿಜ್ಞಾನಿಗಳು ಗುರುತಿಸಿದ್ದು 1987ರಲ್ಲಿ. ಅದರ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಕ್ಕಳಿಗೆ ಎಕ್ಸ್ ಒಂದೇ ಇರುವುದರಿಂದ ರೋಗ ಬಹುತೇಕ ಅವರಲ್ಲೇ ಕಾಣುತ್ತದೆ. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ದೋಷವು ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ, ತಾಯಿಯಿಂದ ಬಂದಿರುವುದಿಲ್ಲ. ತಾಯಿಯಿಂದ ಬಂದಿದ್ದರೂ ಅದು ಆಕೆಯ ತಪ್ಪಲ್ಲ. ಸೊಸೆಯನ್ನು ದೂರುವ ಹಿರಿಯರು ಇದನ್ನು ಅರಿಯಬೇಕು.

ಮೊದಲ ಪರೀಕ್ಷೆ ಸರಳ: ರಕ್ತದಲ್ಲಿ ಸಿಕೆ ಎಂಬ ಕಿಣ್ವದ ಪ್ರಮಾಣ. ಹರಿದ ಕೋಶಗಳಿಂದ ಸೋರುವುದರಿಂದ ಅದು ಹತ್ತಾರು ಪಟ್ಟು ಏರಿರುತ್ತದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಸಹ ಏರುವುದರಿಂದ ಕೆಲವೊಮ್ಮೆ ಯಕೃತ್ತಿನ ರೋಗವೆಂದು ಭಾವಿಸಿ ತಿಂಗಳುಗಟ್ಟಲೆ ಔಷಧ ನಡೆಯುವುದುಂಟು. ಜೀನ್ ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ. ಪೂರ್ಣ ಗುಣಪಡಿಸುವ ಮದ್ದಿಲ್ಲ. ಆದರೆ ಸ್ಟೀರಾಯ್ಡ್ ಔಷಧ ಮತ್ತು ಫಿಜಿಯೊಥೆರಪಿಯಿಂದ ಮಗು ನಡೆದಾಡುವ ವರ್ಷಗಳು ಹೆಚ್ಚುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುರೋಗಗಳ ಪರಿಣತರಿದ್ದಾರೆ.

ಇಲ್ಲಿ ಭಾಷೆಯ ತೊಡಕೂ ಒಂದಿದೆ. ನಮ್ಮ ಪಠ್ಯದ ‘ಸ್ನಾಯು’ವನ್ನು ಅನಂತಪುರ, ಹಿಂದೂಪುರದ ವೈದ್ಯರು ‘ಕಂಡರ’ವೆಂದು ಹೇಳುತ್ತಾರೆ. ಮಡಕಶಿರಾದ ಕನ್ನಡ ಶಾಲೆಯಲ್ಲಿ ಓದಿದ ತಾಯಿಗೆ ಅದು ಬೇರೆಯೇ ಅಂಗವೆಂದು ತೋರಬಹುದು. ಅರ್ಥವಾಗದಿದ್ದರೆ ಮತ್ತೆ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಮಸ್ಕ್ಯುಲರ್ ಡಿಸ್ಟ್ರೋಫಿಯನ್ನು ಹೆಸರಿಸಿಯೇ ಸೇರಿಸಿಕೊಂಡಿದೆ. ಆದ್ದರಿಂದ ಸದರಂ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ಈ ಹೆಸರನ್ನು ವೈದ್ಯರ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ.