ನೆಗೆಟಿವ್ ವರದಿಯ ಹಿಂದೆ ಅಡಗುವ ಹೆಪಟೈಟಿಸ್-ಬಿ

ನಮ್ಮ ಕಡೆ ಕಾಮಣಿ ಎಂದರೆ ಕಣ್ಣು, ಮೂತ್ರ ಹಳದಿಯಾಗುವುದು. ಹಳದಿ ಇಳಿದರೆ ಕಾಯಿಲೆಯೂ ಹೋಯಿತು ಎಂಬ ನಂಬಿಕೆ. ಹೆಪಟೈಟಿಸ್-ಬಿ ವೈರಸ್ಸಿನ ವಿಷಯದಲ್ಲಿ ಈ ಲೆಕ್ಕ ನಡೆಯದು. ಕೆಲವರಲ್ಲಿ ಅದು ಮಾಮೂಲು ರಕ್ತಪರೀಕ್ಷೆಗೂ ಸಿಗದೆ ಯಕೃತ್ತಿನಲ್ಲಿ ಉಳಿದುಬಿಡುತ್ತದೆ. ಇದೇ ಗುಪ್ತ ಹೆಪಟೈಟಿಸ್-ಬಿ.

ಏಕೆ ಸಿಗುವುದಿಲ್ಲ?

ಅಮೆರಿಕದ ವಿಜ್ಞಾನಿ ಬ್ಲೂಂಬರ್ಗ್ 1965ರಲ್ಲಿ ವರದಿ ಮಾಡಿದ ‘ಆಸ್ಟ್ರೇಲಿಯಾ ಆಂಟಿಜನ್’ ಈ ವೈರಸ್ಸಿನ ಹೊರಕವಚ ಎಂಬುದು ನಂತರ ತಿಳಿಯಿತು. 1976ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಂದಿಗೂ ಲ್ಯಾಬುಗಳು ಮೊದಲು ಹುಡುಕುವುದು ಈ ಕವಚವನ್ನೇ. ವರದಿಯಲ್ಲಿ ‘ಎಚ್‌ಬಿಎಸ್‌ಎಜಿ’ ಎಂದಿರುತ್ತದೆ. ಬಹುಪಾಲು ಜನರಿಗೆ ಈ ಪರೀಕ್ಷೆ ಸಾಕು. ಆದರೆ ವೈರಸ್ಸಿನ ವಂಶವಾಹಿ ಯಕೃತ್ತಿನ ಜೀವಕೋಶಗಳಲ್ಲಿ ಉಳಿದು, ಕವಚದ ಪ್ರಮಾಣ ತೀರಾ ಕಡಿಮೆಯಾದರೆ ವರದಿ ‘ನೆಗೆಟಿವ್’ ಬರುತ್ತದೆ. ವೈರಸ್ ಹೋಗಿರುವುದಿಲ್ಲ, ಮಲಗಿರುತ್ತದೆ.

ಯಾರಲ್ಲಿ ಹೆಚ್ಚು?

ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಥಲಸ್ಸೀಮಿಯಾದಿಂದಾಗಿ ಪದೇ ಪದೇ ರಕ್ತ ಪಡೆಯುವವರು, ಎಚ್‌ಐವಿ ಅಥವಾ ಹೆಪಟೈಟಿಸ್-ಸಿ ಇರುವವರು, ಸೂಜಿಯಿಂದ ಮಾದಕ ವಸ್ತು ಚುಚ್ಚಿಕೊಳ್ಳುವವರು, ಹಿಂದೆ ಹೆಪಟೈಟಿಸ್-ಬಿ ಬಂದು ವಾಸಿಯಾದವರು. ಇವರೆಲ್ಲರಲ್ಲೂ ಇದು ಇದ್ದೇ ಇರುತ್ತದೆ ಎಂದಲ್ಲ. ಸಾಧ್ಯತೆ ಹೆಚ್ಚು, ಅಷ್ಟೆ.

ಮಲಗಿದ್ದು ಎದ್ದರೆ?

ಕ್ಯಾನ್ಸರ್ ಔಷಧಿ, ರಿಟುಕ್ಸಿಮ್ಯಾಬ್, ದೀರ್ಘಕಾಲದ ಸ್ಟೀರಾಯ್ಡ್, ಅಂಗಾಂಗ ಕಸಿ ಇವು ದೇಹದ ಕಾವಲನ್ನು ತಗ್ಗಿಸುತ್ತವೆ. ಆಗ ವೈರಸ್ ಎದ್ದು ಯಕೃತ್ತು ಕೈಕೊಟ್ಟು ಪ್ರಾಣಕ್ಕೇ ಸಂಚಕಾರ ಬರಬಹುದು. ಆದ್ದರಿಂದ ಇಂಥ ಚಿಕಿತ್ಸೆಗೆ ಮೊದಲು ‘ಆಂಟಿ-ಎಚ್‌ಬಿಸಿ’ ಪರೀಕ್ಷೆಯನ್ನೂ ಮಾಡಿಸಬೇಕು. ಅದು ಪಾಸಿಟಿವ್ ಬಂದರೆ ಗಾಬರಿ ಬೇಡ. ಹೆಚ್ಚಾಗಿ ಹಿಂದೆ ಸೋಂಕು ತಗುಲಿತ್ತು ಎಂಬುದರ ಗುರುತು. ಅಗತ್ಯವಿದ್ದರೆ ವೈರಸ್ಸಿನ ಡಿಎನ್‌ಎ ಪರೀಕ್ಷೆ ಮಾಡಿಸಿ, ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆಯನ್ನು ಮುಂಜಾಗ್ರತೆಯಾಗಿ ಕೊಡಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳ ಚಿಕಿತ್ಸಾ ಕೇಂದ್ರಗಳಲ್ಲಿ ತಪಾಸಣೆ, ಔಷಧಿ ಉಚಿತ.

ನಮ್ಮೂರಿನ ಮಾತು

ಶಿಗ್ಗಾಂವಿ ತಾಲೂಕಿನ ದುಂಡಸಿಯಂಥ ಊರುಗಳಿಂದ ದೊಡ್ಡ ಕಾಯಿಲೆಗೆ ಹುಬ್ಬಳ್ಳಿಗೆ ಹೋಗುವುದು ರೂಢಿ. ಅಲ್ಲಿನ ವೈದ್ಯರಿಗೆ ನಿಮ್ಮ ಹಳೆಯ ಕಥೆ ಗೊತ್ತಿರುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಕಾಮಣಿಯಾಗಿ ನಾಟಿ ಔಷಧಿ ಕುಡಿದದ್ದಕ್ಕೆ ಯಾವ ಚೀಟಿಯೂ ಇರುವುದಿಲ್ಲ. ಕೇಳದಿದ್ದರೂ ಅದನ್ನು ಬಾಯಿಬಿಟ್ಟು ಹೇಳಿ. ರಕ್ತ ಹಾಕಿಸಿಕೊಂಡದ್ದು, ಮನೆಯಲ್ಲಿ ಯಾರಿಗಾದರೂ ಈ ಸೋಂಕು ಇದ್ದದ್ದು, ಎಲ್ಲವನ್ನೂ ಹೇಳಿ. ಹಳೆಯ ವರದಿಗಳನ್ನು ಒಂದೇ ಫೈಲಿನಲ್ಲಿಡಿ.

‘ಒಂದು ಸೂಜಿ ಮಾಡ್ರಿ’ ಎಂದು ಸಣ್ಣ ಜ್ವರಕ್ಕೂ ಕೇಳುವ ಅಭ್ಯಾಸ ಬಿಡಬೇಕು. ಈ ವೈರಸ್ ದೇಹದ ಹೊರಗೂ ಏಳು ದಿನ ಬದುಕಬಲ್ಲದು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ, ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್-ಬಿ ಹರಡಿ ಹಲವರು ಸತ್ತರು. ಸೂಜಿ ಬೇಕೇಬೇಕಾದರೆ ಹೊಸ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲು ಹೇಳಿ.

ಲಸಿಕೆಯೇ ಗಟ್ಟಿ ರಕ್ಷಣೆ. ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್, ನಂತರ 6, 10, 14ನೇ ವಾರಗಳಲ್ಲಿ ಹಾಕಿಸಿ. ಲಸಿಕೆ ಪಡೆಯದ, ಸೋಂಕಿಲ್ಲದ ದೊಡ್ಡವರಿಗೆ ಸಾಮಾನ್ಯವಾಗಿ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಡಯಾಲಿಸಿಸ್ ರೋಗಿಗಳಿಗೆ ಪ್ರಮಾಣ ಹೆಚ್ಚು ಬೇಕು. ನಿಮ್ಮ ವೈದ್ಯರನ್ನು ಕೇಳಿ.